ಅಪ್ಪನಿಗೆ ಬರುತ್ತಿದ್ದ ಇಂಗ್ಲಿಷ್

ನಮ್ಮಪ್ಪನಿಗೆ ಬರುತ್ತಿದ್ದ ಇಂಗ್ಲಿಷ್ ಪದ ಒಂದೇ. ಅದು ಡಾಗ್. ಬಸ್ಸು, ಕರೆಂಟು, ಫೋನು ಇವೆಲ್ಲ ಅವನ ಪಾಲಿಗೆ ಕನ್ನಡವೇ ಆಗಿಬಿಟ್ಟಿದ್ದವು. ಡಾಗ್ ಮಾತ್ರ ನಾನು ಕಲಿಸಿದ್ದು. ಅದನ್ನು ಆಸೆಪಟ್ಟು ಕಲಿತು, ಸಿಕ್ಕಸಿಕ್ಕವರ ಮುಂದೆ ಆಡಿ ತೋರಿಸುತ್ತಿದ್ದ.

ಅಪ್ಪ ಗೊರವ. ಹಡಗಲಿ, ಹರಪನಹಳ್ಳಿ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು, ಉಳಿದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮೈಲಾರಲಿಂಗನಿಗೆ ನಡೆದುಕೊಳ್ಳುವ, ಕುರಿ ಸಾಕುವ ನಮ್ಮಂಥ ಮನೆಗಳಲ್ಲಿ ಕೆಲವರು ದೀಕ್ಷೆ ಪಡೆದು ಗೊರವರಾಗುತ್ತಾರೆ. ಮೈಮೇಲೆ ಕರಿ ಕಂಬಳಿಯ ನಿಲುವಂಗಿ, ತಲೆಗೆ ಕರಡಿ ಕೂದಲಿನ ಟೊಪ್ಪಿಗೆ, ಕೈಯಲ್ಲಿ ಡಮರುಗ, ಬಗಲಲ್ಲಿ ಭಂಡಾರದ ಚೀಲ. ಭಂಡಾರ ಅಂದರೆ ದೇವರ ಅರಿಶಿಣ ಪುಡಿ. ಗೊರವರು ಮೈಲಾರನ ನಾಯಿಗಳು. ಇದು ಯಾರೋ ಬೈದ ಮಾತಲ್ಲ, ಅವರೇ ಎದೆ ತಟ್ಟಿಕೊಂಡು ಹೇಳುವುದು. ಹೊಸ ಮನೆ ಕಟ್ಟಿದವರು, ಮಕ್ಕಳ ಮದುವೆ ಮುಗಿಸಿದವರು ಅವರನ್ನು ಕರೆಸಿ ದೋಣಿ ತುಂಬಿಸುತ್ತಾರೆ. ಈ ದೋಣಿ ಒಂದು ಅಗಲವಾದ ಮರದ ಬಟ್ಟಲು. ಅದರಲ್ಲಿ ಹಾಲು, ತುಪ್ಪ, ಬೆಲ್ಲ, ಬಾಳೆಹಣ್ಣು ಹಾಕಿ ಅಂಗಳದಲ್ಲಿಟ್ಟರೆ ಗೊರವರು ಕೈಕಾಲೂರಿ ಬೊಗಳುತ್ತ ಬಂದು, ಒಬ್ಬರ ಮೇಲೊಬ್ಬರು ಗುರುಗುಟ್ಟುತ್ತ, ಬಟ್ಟಲಿಗೇ ಬಾಯಿ ಹಾಕಿ ತಿನ್ನುತ್ತಾರೆ. ಸುತ್ತ ನಿಂತವರು 'ಏಳುಕೋಟಿ' ಎಂದು ಮೈಲಾರನ ಜಯಕಾರ ಕೂಗಿ ಕೈ ಮುಗಿಯುತ್ತಾರೆ.

ನನಗೆ ಶಾಲೆಯಲ್ಲಿ ಇಂಗ್ಲಿಷ್ ಶುರುವಾದ ವರ್ಷ ಡಾಗ್ ಮೇಲೆ ಒಂದು ಪ್ರಬಂಧ ಬಾಯಿಪಾಠ ಮಾಡಲು ಕೊಟ್ಟಿದ್ದರು. ಸಂಜೆ ಪಡಸಾಲೆಯಲ್ಲಿ ಕೂತು ಗಿಣಿಯ ಹಾಗೆ ಒದರುತ್ತಿದ್ದೆ. ಅಪ್ಪ ಪಕ್ಕದಲ್ಲಿ ಉಣ್ಣೆ ನೂಲುತ್ತಿದ್ದ.

"ಏನ್ ಓದಾಕ ಹತ್ತೀಯವ್ವಾ?" ಎಂದ.

"ನಾಯಿ ಮ್ಯಾಗ ಬರದಾರಪ್ಪಾ."

ಅಪ್ಪ ನೂಲುವುದನ್ನು ನಿಲ್ಲಿಸಿದ. "ನಾಯಿ ಮ್ಯಾಗ ಇಂಗ್ಲೀಷಿನ್ಯಾಗ ಬರದಾರಾ? ಓದು ಓದು, ಏನಂದಾರ ನೋಡೂಣು."

ಒಂದೊಂದೇ ವಾಕ್ಯ ಓದಿ ಅರ್ಥ ಹೇಳಿದೆ. 'ದಿ ಡಾಗ್ ಈಸ್ ಎ ಫೇತ್‌ಫುಲ್ ಅನಿಮಲ್.' ನಾಯಿ ನಂಬಿಗಸ್ತ ಪ್ರಾಣಿ. "ಖರೆ" ಎಂದ. 'ಇಟ್ ಗಾರ್ಡ್ಸ್ ದಿ ಹೌಸ್.' ಮನೆ ಕಾಯುತ್ತದೆ. "ಅದೂ ಖರೆ." 'ಇಟ್ ಹ್ಯಾಸ್ ಎ ಟೇಲ್.' ಅದಕ್ಕೆ ಬಾಲ ಇರುತ್ತದೆ. ಅಪ್ಪ ತಿರುಗಿ ತನ್ನ ಬೆನ್ನ ಹಿಂದೆ ನೋಡಿಕೊಂಡು, "ಬರದಾವಗ ಎಲ್ಲಾ ನಾಯಿ ಗೊತ್ತಿಲ್ಲ ಬಿಡು" ಎಂದು ಬಿದ್ದು ಬಿದ್ದು ನಕ್ಕ. ಅಡುಗೆಮನೆಯಿಂದ ಅವ್ವನೂ ನಕ್ಕಳು. ಅವತ್ತೇ ಅಪ್ಪ 'ಐ ಆಮ್ ಡಾಗ್' ಕಲಿತ. ಮಧ್ಯೆ ಒಂದು 'ಎ' ಬರಬೇಕು ಎಂದು ತಿದ್ದಿದರೆ, "ನಾಯಿಗೆ ಎ ಯಾಕ ಬೇಕಲೇ?" ಎಂದು ನನ್ನನ್ನೇ ದಬಾಯಿಸಿದ.

ಮುಂದೆ ಆ ವಾಕ್ಯ ತಾಲ್ಲೂಕೆಲ್ಲ ಸುತ್ತಿತು. ಕೊಟ್ಟೂರು ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೇಳಿದರೆ "ಐ ಆಮ್ ಡಾಗ್. ಡಾಗಿಗೆ ಟಿಕೆಟ್ ಐತೇನ್ರಿ?" ಎನ್ನುತ್ತಿದ್ದ. ಬ್ಯಾಂಕಿನಲ್ಲಿ ಬೇರೆ ಕಡೆಯಿಂದ ಬಂದ ಸಾಹೇಬರಿಗೂ ಇದೇ ಪರಿಚಯ. ಕೇಳಿದವರು ಮೊದಲು ಬೆಚ್ಚುತ್ತಿದ್ದರು, ಆಮೇಲೆ ನಗುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು.

ಶಾಲೆಯಲ್ಲಿ ಒಮ್ಮೆ ಮೇಷ್ಟ್ರು, ನಿಮ್ಮಪ್ಪ ಏನು ಮಾಡುತ್ತಾರೆ ಇಂಗ್ಲಿಷಿನಲ್ಲಿ ಹೇಳಿ ಎಂದರು. ನಾನು ಎದ್ದು ನಿಂತು 'ಮೈ ಫಾದರ್ ಈಸ್ ಮೈಲಾರಾಸ್ ಡಾಗ್' ಎಂದೆ. ಊರ ಮಕ್ಕಳು ಯಾರೂ ನಗಲಿಲ್ಲ, ಅವರಿಗೆ ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಕರಾವಳಿ ಕಡೆಯಿಂದ ಬಂದಿದ್ದ ಮೇಷ್ಟ್ರು ಮಾತ್ರ ಗಾಬರಿಯಾಗಿ, ಹಾಗೆಲ್ಲ ತಂದೆಗೆ ಅನ್ನಬಾರದು, ಫಾರ್ಮರ್ ಅನ್ನು ಎಂದು ತಿದ್ದಿದರು. ಮನೆಗೆ ಬಂದು ಹೇಳಿದರೆ ಅಪ್ಪ, "ರೈತ ಅನ್ನಾಕ ಹೊಲ ಬೇಕಲ್ಲ, ನಿಮ್ಮ ಮಾಸ್ತರ್ ಕೊಡ್ತಾನೇನು ಕೇಳು" ಎಂದ.

ಈಗ ನಾನೇ ಇಂಗ್ಲಿಷ್ ಟೀಚರು. ಹರಪನಹಳ್ಳಿ ತಾಲ್ಲೂಕಿನ ನಮ್ಮೂರಿನ ಪಕ್ಕದ ಶಾಲೆಯಲ್ಲೇ ನೌಕರಿ, ಸೇರಿದಾಗಿನಿಂದ ಅಪ್ಪ ಅವ್ವನ ಜೊತೆಗೇ ಇದ್ದೆ. ವರ್ಷವರ್ಷವೂ ಮಕ್ಕಳಿಂದ ಡಾಗ್ ಪದ ಬಳಸಿ ವಾಕ್ಯ ಮಾಡಿಸುತ್ತೇನೆ. ಇಂಗ್ಲಿಷ್ ಪುಸ್ತಕದ ನಾಯಿಗಳು ಬಹಳ ಒಳ್ಳೆಯವು. ಓಡುತ್ತವೆ, ಬಾಲ ಅಲ್ಲಾಡಿಸುತ್ತವೆ, ಚೆಂಡು ತರುತ್ತವೆ. ಅವು ಯಾರನ್ನೂ ಕಚ್ಚುವುದಿಲ್ಲ.

ನಾನು ಟೀಚರಾದ ಮೇಲೆ ಒಂದು ವರ್ಷ ಶ್ರಾವಣದಲ್ಲಿ, ಹಲವಾಗಲು ಕಡೆಯ ಒಂದು ಊರಿನಲ್ಲಿ ಹೊಸ ಮನೆಯ ದೋಣಿ ತುಂಬಿಸಲು ಅಪ್ಪನಿಗೆ ಕರೆ ಬಂತು. ಜೊತೆಗೆ ಇನ್ನೊಬ್ಬ ಗೊರವ ಹೋಗಿದ್ದ. ಅವನು ಅಪ್ಪನ ಜೊತೆಗೇ ದೀಕ್ಷೆ ಪಡೆದವನು, ನಾನು ಅವನನ್ನು ಕಾಕಾ ಎನ್ನುತ್ತೇನೆ. ಅಲ್ಲಿ ನಡೆದದ್ದನ್ನು ಹೇಳಿದ್ದೂ ಅವನೇ. ಇಬ್ಬರೂ ದೋಣಿಗೆ ಬಾಯಿ ಹಾಕಿದ್ದಾಗ ಬೀದಿಯಿಂದ ನಿಜವಾದ ನಾಯಿಯೊಂದು ಅಂಗಳಕ್ಕೆ ಬಂತು. ಇಂಥ ಹೊತ್ತಿನಲ್ಲಿ ಬಂದ ನಾಯಿಯನ್ನು ನಮ್ಮಲ್ಲಿ ಯಾರೂ ಓಡಿಸುವುದಿಲ್ಲ. ಸ್ವಾಮಿಯೇ ಕಳಿಸಿದ್ದು ಎಂದುಕೊಳ್ಳುತ್ತಾರೆ. ಗೊರವನಂತೂ ಯಾವ ನಾಯಿಗೂ ಕೋಲೆತ್ತುವ ಹಾಗೇ ಇಲ್ಲ. ಆ ನಾಯಿ ಒಂದು ಮಗ್ಗುಲಿಗೆ ವಾಲುತ್ತ, ಬಾಯಿಂದ ಜೊಲ್ಲು ಸುರಿಸುತ್ತ ಬಂತಂತೆ. ಯಾರೂ ನೋಡಲಿಲ್ಲ ಅಂತಲ್ಲ. ಎಲ್ಲರೂ ನೋಡಿದರು, ನೋಡಿ ಕೈ ಮುಗಿದರು.

ಬಗ್ಗಿದ್ದ ಅಪ್ಪನ ಮೇಲ್ದುಟಿಗೆ ಅದು ಬಾಯಿ ಹಾಕಿತು. ಕಾಕಾ ಅದನ್ನು ಪಕ್ಕಕ್ಕೆ ಸರಿಸಲು ಹೋದಾಗ ಅವನ ಅಂಗೈ ಹಿಂಭಾಗಕ್ಕೂ ಹಲ್ಲು ತಾಗಿ ಗೀರಿತು. ನಾಯಿ ಬಂದ ಹಾಗೇ ಓಡಿಹೋಯಿತು. ಮನೆಯವರು ಏಳುಕೋಟಿ ಎಂದು ಕೂಗಿದರು. ಮನೆಯ ಯಜಮಾನಿ ಅಪ್ಪನ ತುಟಿಯ ಗಾಯಕ್ಕೆ ಭಂಡಾರ ಒತ್ತಿದಳು. ಹೆಂಗಸರು ಸಾಲಾಗಿ ಬಂದು ಅಪ್ಪನ ಕಾಲಿಗೆ ಬಿದ್ದರು.

ಅಪ್ಪ ಊದಿದ ತುಟಿ ಹೊತ್ತುಕೊಂಡು ಮನೆಗೆ ಬಂದದ್ದು ಮದುಮಗನ ಠೀವಿಯಲ್ಲಿ. ಸಂಗತಿ ಕೇಳಿದವಳೇ, ಅವನು ಬೇಡ ಬೇಡ ಎಂದರೂ ಬಿಡದೆ ಬಚ್ಚಲಿಗೆ ಎಳೆದುಕೊಂಡು ಹೋಗಿ, ಸೋಪು ಹಚ್ಚಿ, ನೀರು ಸುರಿದು ಗಾಯ ತೊಳೆದೆ. ಅರಿಶಿಣವೆಲ್ಲ ಹರಿದು ಹೋಯಿತು ಎಂದು ಅವ್ವ ಬೈದಳು.

"ನಡಿಯಪ್ಪಾ, ಇಂಜೆಕ್ಷನ್ ಹಾಕಿಸ್ಕೊಂಡ ಬರೂಣು" ಎಂದೆ.

"ಯಾಕ? ಸ್ವಾಮಿ ಬಾಯಿ ಇಟ್ಟಾನ. ಅದಕ್ಕ ಇಂಜೆಕ್ಷನ್ ಹಾಕಿಸ್ಕೊಂಡ್ರ ಆ ಮನಿಯವರು ಏನ್ ತಿಳ್ಕಂತಾರ? ಹೊಸ ಮನಿ ಅವರದು. ನಿಮ್ಮ ದೋಣಿಗೆ ಹುಚ್ಚುನಾಯಿ ಬಾಯಿ ಹಾಕೈತಿ ಅಂದಂಗ ಆಗಂಗಿಲ್ಲೇನು?"

ಯಾರದೋ ಮನೆಯ ಶುಭಕ್ಕೆ ತನ್ನ ಜೀವ ಅಡ ಇಡುವ ಮನುಷ್ಯನ ಜೊತೆ ಹೇಗೆ ವಾದ ಮಾಡುವುದು? ಕಿರುಚಿದೆ, ಅತ್ತೆ, ಊಟ ಬಿಟ್ಟೆ. ಅವ್ವ ಅಪ್ಪನ ಕಡೆಗೇ ನಿಂತಳು. ಕಾಕಾನಿಗೆ ಹೇಳಿದರೆ ಅವನು ಕೈ ಮೇಲಿನ ಗೀರನ್ನು ಕಣ್ಣಿಗೆ ಒತ್ತಿಕೊಂಡ. ಕೊನೆಗೆ ನಾನು ಬೇರೆ ದಾರಿ ಹಿಡಿದೆ. ಗಾಯ ಕೀವಾಗದಿರಲಿ, ಕಬ್ಬಿಣ ತಾಗಿದಾಗ ಹಾಕುವ ಟಿಟಿ ಒಂದು ಹಾಕಿಸೋಣ ಎಂದೆ. ಟಿಟಿ ಅಪ್ಪನಿಗೆ ಗೊತ್ತಿತ್ತು. ಅದಕ್ಕೆ ದೇವರ ತಕರಾರು ಇರಲಾರದು ಎಂದು ಒಪ್ಪಿ, ಮರುದಿನ ನನ್ನ ಜೊತೆ ಬಸ್ಸು ಹತ್ತಿದ.

ಆಸ್ಪತ್ರೆಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ತುಟಿ ನೋಡಿ, "ಏನಾಯ್ತಜ್ಜಾ?" ಎಂದು ಕೇಳಿದರು.

"ದೋಣಿ ಅಂಚು ತಾಗೇತ್ರಿ" ಎಂದ ಅಪ್ಪ.

ಇನ್ನು ಸುಮ್ಮನಿದ್ದರೆ ಬರೀ ಟಿಟಿ ಹಾಕಿ ಕಳಿಸುತ್ತಾರೆ. ಅಪ್ಪ ಪಕ್ಕದ ಸ್ಟೂಲಿನ ಮೇಲೆಯೇ ಕೂತಿದ್ದಾನೆ. ನಾನು ಇಂಗ್ಲಿಷ್ ಟೀಚರು, ನನಗೆ ತಕ್ಷಣ ಹೊಳೆದ ಉಪಾಯ ಅದೇ. ಆದಷ್ಟು ಮೆಲ್ಲಗೆ, ಮುಖದಲ್ಲಿ ಏನೂ ತೋರಗೊಡದೆ ಹೇಳಿದೆ: "ಮೇಡಂ, ಇಟ್ ಈಸ್ ಎ ಡಾಗ್ ಬೈಟ್. ಹೀ ವಿಲ್ ನಾಟ್ ಅಗ್ರೀ. ಪ್ಲೀಸ್ ಡೋಂಟ್ ಟೆಲ್ ಹಿಮ್."

ಅಪ್ಪ ತಲೆ ಎತ್ತಿದ. ಅಷ್ಟು ಮಾತಿನಲ್ಲಿ ಅವನಿಗೆ ಗೊತ್ತಿದ್ದದ್ದು ಒಂದೇ ಒಂದು ಪದ, ಆ ಒಂದು ಪದ ಸಾಕಾಯಿತು.

"ಡಾಗ್ ಅಂದಿ" ಎಂದ. ಸಿಟ್ಟಿರಲಿಲ್ಲ, ನನ್ನನ್ನೇ ನೋಡುತ್ತಿದ್ದ. "ನಾಯಿ ಕಡದೈತಿ ಅಂತ ಹೇಳಿದಿ ಹೌದಿಲ್ಲೋ? ನನ್ನ ಮುಂದ ಟಿಟಿ ಅಂದು, ಅವರ ಮುಂದ ಡಾಗ್ ಅಂದಿ."

ಎದ್ದು ಹೊರಗೆ ನಡೆದುಬಿಟ್ಟ. ಡಾಕ್ಟರು ತಮ್ಮ ಕುರ್ಚಿ ಬಿಟ್ಟು ವರಾಂಡದವರೆಗೆ ಹಿಂದೆ ಬಂದರು. ಈ ರೋಗ ಒಮ್ಮೆ ಶುರುವಾದರೆ ಮದ್ದಿಲ್ಲ ಅಜ್ಜಾ, ಈಗಲಾದರೆ ಉಳಿಸಬಹುದು, ತುಟಿಯ ಕಡಿತ ಮೆದುಳಿಗೆ ಹತ್ತಿರ ಎಂದು ಕನ್ನಡದಲ್ಲೇ ಬಿಡಿಸಿ ಹೇಳಿದರು. ಅಪ್ಪ ಎಲ್ಲ ಮರ್ಯಾದೆಯಿಂದ ಕೇಳಿದ. ಚೀಲದಿಂದ ಚಿಟಿಕೆ ಭಂಡಾರ ತೆಗೆದು ಅವರ ಹಣೆಗೆ ಹಚ್ಚಿ, "ಛಲೋ ಆಗ್ಲಿ ಯವ್ವಾ ನಿನಗ" ಎಂದು ಮೆಟ್ಟಿಲಿಳಿದ. ಆಮೇಲೆ ಅವನು ನನ್ನ ಜೊತೆ ಆಸ್ಪತ್ರೆಯಿರಲಿ, ಸಂತೆಗೂ ಬರಲಿಲ್ಲ. ನನ್ನ ಕೈಯ ಮಾತ್ರೆ ಕೂಡ ಮುಟ್ಟಲಿಲ್ಲ.

ನೀನು ಕಲಿಸಿದ ಪದವೇ ಅವನಿಗೆ ಮುಳುವಾಯಿತಲ್ಲ ಎಂದು ಆಮೇಲೆ ಒಬ್ಬರು ನನ್ನ ಮುಖಕ್ಕೇ ಹೇಳಿದ್ದಾರೆ. ಮಗಳು ಅಪ್ಪನಿಗೆ ಒಂದು ಪದ ಕಲಿಸಿದ್ದು ತಪ್ಪೆಂದು ನಾನು ಯಾವತ್ತೂ ಒಪ್ಪುವುದಿಲ್ಲ. ನನ್ನ ಸಿಟ್ಟೆಲ್ಲ ಜೊಲ್ಲು ಸುರಿಸುವ ನಾಯಿಗೆ ಕೈ ಮುಗಿದವರ ಮೇಲೆ. ಅಪ್ಪನ ಮೇಲೂ ಇದೆ, ಸತ್ತವನು ಎಂದು ಅದು ಕಡಿಮೆಯಾಗಿಲ್ಲ.

ಗಾಯ ಮಾಯಿತು. ಅಪ್ಪ ದಿನಾ ಕನ್ನಡಿ ಹಿಡಿದು ತುಟಿ ತೋರಿಸಿ, "ಎಲ್ಲೈತಿ ನಿಮ್ಮ ಡಾಗ್?" ಎಂದು ಕಾಡುತ್ತಿದ್ದ. ಹಾಳಾಗಿ ಹೋಗಲಿ, ನಾನೇ ಸೋತೆನೆಂದಾಗಲಿ, ಇವನು ಗೆಲ್ಲಲಿ ಎಂದು ಬೇಡಿಕೊಂಡೆ. ಮೆಕ್ಕೆಜೋಳ ತೆನೆ ಮುರಿಯುವ ದಿನಗಳು ಬಂದವು. ಒಂದು ಬೆಳಿಗ್ಗೆ ಅಪ್ಪ ತುಟಿ ಉಜ್ಜಿಕೊಳ್ಳುತ್ತ, ಇರುವೆ ಹರಿದಂಗ ಆಗ್ತೈತಿ ಎಂದ. ಜ್ವರ ಬಂತು. ಮರುದಿನ ಅವ್ವ ಕೊಟ್ಟ ಚಹದ ಲೋಟ ಬಾಯಿಯ ಹತ್ತಿರ ಒಯ್ದವನು ಚೀರಿ ಬಿಸಾಕಿದ. ನೀರು ಕಂಡರೆ ಗಂಟಲು ಹಿಡಿದುಕೊಳ್ಳುತ್ತಿದ್ದ. ಫ್ಯಾನಿನ ಗಾಳಿಗೂ ಮೈ ಸೆಟೆಯುತ್ತಿತ್ತು. ಉಸಿರು ಎಳೆದುಕೊಳ್ಳುವಾಗ ಗಂಟಲಿನಿಂದ ಒಡಕು ದನಿಯೊಂದು ಹೊರಡುತ್ತಿತ್ತು.

ಆ ದನಿ ಬೀದಿಗೆ ಕೇಳಿಸಿತು. ಜನ ಬಂದರು. ಸ್ವಾಮಿ ಮೈಮೇಲೆ ಬಂದಿದ್ದಾನೆ, ಗೊರವಪ್ಪ ವೇಷವಿಲ್ಲದೆ ಬೊಗಳುತ್ತಿದ್ದಾನೆ ಎಂದು ಊದುಬತ್ತಿ, ಬಾಳೆಹಣ್ಣು ಹಿಡಿದು ಬಾಗಿಲಲ್ಲಿ ನಿಂತರು. ನಾನು ಗಾಡಿಯವನಿಗೆ ಫೋನು ಮಾಡಿ ಒಳಗೆ ಬರುವಷ್ಟರಲ್ಲಿ ಒಬ್ಬಳು ಅಪ್ಪನ ಮುಂದೆ ದೋಣಿ ಇಟ್ಟು ತಂಬಿಗೆಯಿಂದ ಹಾಲು ಸುರಿಯುತ್ತಿದ್ದಳು. ಹಾಲು ಬೀಳುವ ಸಪ್ಪಳಕ್ಕೇ ಅಪ್ಪ ಗೋಡೆಗೆ ಬೆನ್ನು ಒತ್ತಿಕೊಂಡು ನಡುಗುತ್ತಿದ್ದ. ಬೇಡ ಬೇಡ ಎಂದು ಕೈ ಅಲ್ಲಾಡಿಸುತ್ತಿದ್ದ. ಅದನ್ನು ಆಶೀರ್ವಾದ ಎಂದುಕೊಂಡು ಜನ ಏಳುಕೋಟಿ ಎಂದರು.

ನಾನು ದೋಣಿಯನ್ನು ಒದ್ದೆ. ಹಾಲು ಪಡಸಾಲೆಯ ತುಂಬ ಹರಿಯಿತು. ಹೊರಗೆ ನಡೀರಿ, ಒಬ್ಬರೂ ಇಲ್ಲಿ ಇರಬೇಡಿ ಎಂದು ಕಿರುಚಿ, ಕೈಗೆ ಸಿಕ್ಕ ಕಸಬರಿಗೆ ತಗೊಂಡು ಅಟ್ಟಿದೆ. "ಟೀಚರಮ್ಮಗ ತಲಿ ಕೆಟ್ಟೈತಿ" ಎನ್ನುತ್ತ ಹೋದರು. ಕೆಟ್ಟಿತ್ತು, ಸುಳ್ಳಲ್ಲ.

ದಾವಣಗೆರೆಯ ಆಸ್ಪತ್ರೆಯಲ್ಲಿ ಅಪ್ಪನನ್ನು ಪರದೆ ಎಳೆದ ಸಣ್ಣ ಕೋಣೆಯಲ್ಲಿ ಮಲಗಿಸಿದರು. ತನಗೇ ಪೆಟ್ಟು ಮಾಡಿಕೊಳ್ಳದ ಹಾಗೆ ಕೈಗಳನ್ನು ಮಂಚಕ್ಕೆ ಅರಿವೆಯಿಂದ ಕಟ್ಟಿದರು. ಉಳಿಯುವ ಮಾತಿಲ್ಲ, ನೋವು ಕಡಿಮೆ ಮಾಡಬಹುದು ಅಷ್ಟೇ ಎಂದರು. ಅವ್ವ ಮತ್ತು ನಾನು ಇಬ್ಬರೂ ಇಂಜೆಕ್ಷನ್ ಹಾಕಿಸಿಕೊಳ್ಳಬೇಕೆಂದರು. ಇದು ಇಲ್ಲಿಗೆ ಬಂದವರಿಗೆಲ್ಲ ಹಾಕುವುದು ಎಂದು ಹೇಳಿ ಅವ್ವನಿಗೆ ಹಾಕಿಸಿದೆ.

ಈ ರೋಗದ ಕ್ರೂರತನ ಏನೆಂದರೆ ನಡುನಡುವೆ ಎಚ್ಚರ ಬರುತ್ತದೆ. ಆಗ ಅಪ್ಪ ನಮ್ಮಪ್ಪನೇ ಆಗಿರುತ್ತಿದ್ದ. ಅಂಥ ಒಂದು ಹೊತ್ತಿನಲ್ಲಿ ಕಣ್ಣು ತೆರೆದು, ಗೋಡೆಗೆ ಒರಗಿ ಕೂತಿದ್ದ ಅವ್ವನನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ತುಟಿಗಳು ಒಣಗಿ ಒಡೆದಿದ್ದವು.

"ಡಾಗ್" ಎಂದ. "ಡಾಗ್... ಡಾಗ್ ಬೈಟ್."

ಬೈಟ್ ಎಂಬುದನ್ನು ಅವತ್ತು ಆಸ್ಪತ್ರೆಯಲ್ಲಿ ನನ್ನ ಬಾಯಿಂದಲೇ ಕೇಳಿದ್ದ. ಅದನ್ನು ಇಂಗ್ಲಿಷಿನಲ್ಲಿ ಯಾಕೆ ಹೇಳಿದ ಎಂದು ನನಗೆ ಆಗಲೇ ಗೊತ್ತಾಯಿತು. ಅವ್ವನಿಗೆ ತಿಳಿಯಬಾರದಿತ್ತು. ಆ ಒಡಕು ದನಿಯಲ್ಲಿ ಅವಳಿಗೆ ಡಾಗ್ ಎಂಬುದೂ ಬಿಡಿಸಿ ಕೇಳಿಸಿರಲಿಲ್ಲ. ಇಷ್ಟು ವರ್ಷ ಆ ಪದವನ್ನು ತನ್ನ ಬಗ್ಗೆಯೇ ಆಡಿದವನು ಮೊದಲ ಸಲ ಒಂದು ನಾಯಿಯ ಬಗ್ಗೆ ಆಡಿದ. ಅವನ ಕಣ್ಣಿನಲ್ಲಿ ದೇವರೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ, ಭಯ ಇತ್ತು. ನಾನು ಅವನ ಪಾದ ಹಿಡಿದುಕೊಂಡೆ. ಮರುದಿನ ಮಧ್ಯಾಹ್ನ ಅಪ್ಪ ಹೋದ.

"ಏನಂದ ನಿಮ್ಮಪ್ಪ?" ಎಂದು ಅವ್ವ ಅವತ್ತೇ ಕೇಳಿದ್ದಳು. "ಏಳುಕೋಟಿ ಅಂದ" ಎಂದಿದ್ದೆ. ಅವ್ವ ಎರಡೂ ಕೈ ಎತ್ತಿ ಮುಗಿದಿದ್ದಳು. ಊರಿಗೆ ಬಂದ ಮೇಲೆ ಮಾತಾಡಿಸಿ ಹೋಗಲು ಬಂದವರಿಗೆಲ್ಲ ಅದನ್ನೇ ಹೇಳಿದಳು. ಹೇಳಿ ಹೇಳಿ ಅವಳಿಗೆ ಊಟ ಸೇರತೊಡಗಿತು, ನಿದ್ದೆಯೂ ಬರತೊಡಗಿತು. ಇದೊಂದು ಸುಳ್ಳಾದರೂ ಮನೆಯಲ್ಲಿ ಉಳಿದುಕೊಳ್ಳಲಿ ಎಂದುಕೊಂಡೆ.

ನನಗೆ ಚಿಂತೆ ಇದ್ದದ್ದು ಕಾಕಾನದು. ಅದೇ ನಾಯಿ, ಅದೇ ಹಲ್ಲು. ಅಪ್ಪನ ಮಣ್ಣು ಮುಗಿದ ದಿನದಿಂದಲೂ ಅವನ ಬೆನ್ನು ಹತ್ತಿದ್ದೆ. ಕೈಯ ಕಡಿತದ ವಿಷ ಮೆದುಳಿಗೆ ಏರಲು ತಡವಾಗಬಹುದು, ಈಗ ಹಾಕಿಸಿದರೂ ಉಪಯೋಗ ಉಂಟು ಎಂದು ಡಾಕ್ಟರು ಹೇಳಿದ್ದರು. ಅವನು ಹೂಂ ಎನ್ನುತ್ತಿದ್ದ, ಬರುತ್ತಿರಲಿಲ್ಲ.

ಅಪ್ಪನ ದಿವಸದ ಕಾರ್ಯಕ್ಕೆ ಕಾಕಾ ಬೆಳಿಗ್ಗೆಯೇ ಬಂದು ಕಟ್ಟೆಯ ಮೇಲೆ ಕೂತ. ಮೈಮೇಲೆ ಕರಿ ಕಂಬಳಿಯ ನಿಲುವಂಗಿ, ಬಗಲಲ್ಲಿ ಭಂಡಾರದ ಚೀಲ. ನಾನು ನೀರು ಕೊಟ್ಟೆ. ಅವನು ಗಟಗಟ ಕುಡಿದದ್ದನ್ನು ನೋಡಿ ನನಗೆ ಜೀವ ಬಂದಂತಾಯಿತು. ಲೋಟ ಹಿಡಿದ ಕೈಯ ಮೇಲೆ ಗೀರಿನ ಗುರುತು ಹಾಗೇ ಇತ್ತು.

"ಇವತ್ತರ ನಡಿ ಕಾಕಾ, ಕೈ ಮುಗೀತೀನಿ" ಎಂದೆ.

"ಯಾಕ ಅಷ್ಟ್ ಹೆದರ್ತಿ ಮಗಳಾ?" ಎಂದು ನಕ್ಕ. "ಕಡೀಗೆ ನಿಮ್ಮಪ್ಪ ಏಳುಕೋಟಿ ಅಂದು ಜೀವ ಬಿಟ್ಟನಂತ. ನಿಮ್ಮವ್ವ ಹೇಳಿದ್ಲು. ಸ್ವಾಮಿ ಹೆಸರ ಬಾಯಾಗ ಇಟ್ಕೊಂಡ ಹೋಗಾಕ ಎಷ್ಟ್ ಮಂದಿಗೆ ಸಿಗ್ತೈತಿ? ಅಂಥಾ ಸಾವು ನನಗೂ ಬರ್ಲಿ ಬಿಡು."

ಅವ್ವ ಬಾಗಿಲಲ್ಲೇ ಇದ್ದಳು. ಮೊರದಲ್ಲಿ ಅಕ್ಕಿ ಹಿಡಿದು ಆರಿಸುತ್ತ ನಿಂತಿದ್ದಳು. ಅವಳು ಒಳಗೆ ಹೋಗಲಿ ಎಂದು ಕಾದೆ. ಹೋಗಲಿಲ್ಲ. ಕಾಕಾ ಲೋಟ ಕೆಳಗಿಟ್ಟು ಎದ್ದೇಳಲು ಹೊರಟ.

"ಅಪ್ಪ ಏಳುಕೋಟಿ ಅನ್ನಲಿಲ್ಲ ಕಾಕಾ" ಎಂದೆ. "ನಾಯಿ ಅಂದ. ನಾಯಿ ಕಡದೈತಿ ಅಂದ. ಅವ್ವಗ ತಿಳೀಬಾರದು ಅಂತ ಇಂಗ್ಲೀಷಿನ್ಯಾಗ ಅಂದ."

ಮೊರದ ಸಪ್ಪಳ ನಿಂತಿತು. ನಾನು ಅತ್ತ ತಿರುಗಿ ನೋಡಲಿಲ್ಲ.

"ಖರೇನ?" ಎಂದ ಕಾಕಾ.

"ಅವ್ವನ ಆಣಿ."

ಕಾಕಾ ಕೈ ಮೇಲಿನ ಗೀರು ನೋಡಿಕೊಂಡ. ಆಮೇಲೆ ಬಗಲಿನ ಚೀಲ ತೆಗೆದು ನಮ್ಮ ಪಡಸಾಲೆಯ ಗೂಟಕ್ಕೆ ಹಾಕಿ, "ನಡಿ" ಎಂದ. ಆಸ್ಪತ್ರೆಯಲ್ಲಿ ಏನಾಯಿತೆಂದು ಕೇಳಿದಾಗ ಅವನೇ, "ನಾಯಿ ಕಡದೈತ್ರಿ" ಎಂದು ಹೇಳಿದ. ಉಳಿದ ಇಂಜೆಕ್ಷನ್‌ಗಳಿಗೂ ತಪ್ಪದೆ ಹೋದ. ಈಗಲೂ ಇದ್ದಾನೆ, ಚೆನ್ನಾಗಿದ್ದಾನೆ.

ಆ ದಿನ ನಾವು ತಿರುಗಿ ಬರುವಾಗ ಮಧ್ಯಾಹ್ನ ಮೀರಿತ್ತು. ದಿವಸಕ್ಕೆ ಬಂದವರು ಉಂಡು ಹೋಗಿದ್ದರು. ಅವ್ವ ಆರಿಸಿದ ಅಕ್ಕಿಯ ಮೊರವನ್ನು ಮುಂದಿಟ್ಟುಕೊಂಡು ಹೊಸ್ತಿಲ ಒಳಗೆ ಕೂತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಯಾಕೆ ಸುಳ್ಳು ಹೇಳಿದಿ ಎಂದೂ ಕೇಳಲಿಲ್ಲ.

"ಹಂಗಾರ ನಿಮ್ಮಪ್ಪ ಹೆದರಿ ಸತ್ತ" ಎಂದಳು.

"ಹೂಂನವ್ವಾ" ಎಂದೆ. "ಭಾಳ ಹೆದರಿದ್ದ."